ವಿಶ್ವವಿದ್ಯಾಲಯದಲ್ಲಿ ಭಾಷೆಗಳ ಅಧ್ಯಯನ: ಕ್ಯಾಸನೂರಿನಿಂದ ಒಂದು ನೋಟ



ಪಿ.ಯು.ಸಿ. ಫಲಿತಾಂಶ ಬಂದ ವಾರದಲ್ಲಿ ಸೊರಬ, ಶಿಕಾರಿಪುರದ ಕಡೆಯ ಯಾವ ಊರಿಗೆ ಹೋದರೂ ಜಗುಲಿಯ ಮೇಲೆ ಒಂದೇ ಚರ್ಚೆ ನಡೆಯುತ್ತಿರುತ್ತದೆ. ಮುಂದೆ ಏನು ಓದಿಸುವುದು? ಇಂಜಿನಿಯರಿಂಗ್, ನರ್ಸಿಂಗ್, ಬಿ.ಕಾಂ., ಡಿ.ಫಾರ್ಮ - ಈ ಹೆಸರುಗಳು ಎಲ್ಲರಿಗೂ ಗೊತ್ತು. ಇವುಗಳ ನಡುವೆ ಮಗಳೊಬ್ಬಳು ಮೆಲ್ಲಗೆ, "ನಾನು ಜರ್ಮನ್ ಓದ್ತೀನಿ" ಎಂದೋ "ರಷ್ಯನ್ ಕಲಿತೀನಿ" ಎಂದೋ ಹೇಳಿದಳೆನ್ನಿ. ಆಗ ಮನೆಯವರ ಮುಖದಲ್ಲಿ ಮೂಡುವ ಪ್ರಶ್ನೆ ಯಾವುದೆಂದು ನೀವೇ ಬಲ್ಲಿರಿ. "ಭಾಷೆ ಓದಿ ಏನು ಮಾಡೋದಮ್ಮಾ? ಮಾತಾಡೋಕೆ ಕಾಲೇಜು ಬೇಕಾ?"

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅಡಿಕೆ ಧಾರಣೆಯನ್ನೋ ಭತ್ತದ ಬೆಳೆಯನ್ನೋ ನಂಬಿಕೊಂಡು ಮಕ್ಕಳನ್ನು ಓದಿಸುವ ತಂದೆತಾಯಿಗೆ ಮೂರು ವರ್ಷದ ಹಾಸ್ಟೆಲ್ ಖರ್ಚು ಸಣ್ಣ ವಿಷಯವಲ್ಲ. ಆದ್ದರಿಂದ ಆಧುನಿಕ ಭಾಷೆಗಳು ಮತ್ತು ಸಂಸ್ಕೃತಿಗಳ ಅಧ್ಯಯನವೆಂದರೆ ಏನು, ಅದರಿಂದ ಯಾರಿಗೆ ಏನು ಪ್ರಯೋಜನ, ಅದರ ಮಿತಿಗಳೇನು ಎಂಬುದನ್ನು ಇಲ್ಲಿ ವಿಚಾರ ಮಾಡೋಣ. ಉದಾಹರಣೆಗಾಗಿ ಪ್ಯಾರಿಸ್ಸಿಗೋ ಬರ್ಲಿನ್ನಿಗೋ ಹೋಗಬೇಕಾಗಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರೇ ಸಾಕು.

ಕ್ಯಾಸನೂರಿನ ಹೆಸರು ಜಗತ್ತಿನ ವೈದ್ಯಕೀಯ ಗ್ರಂಥಗಳಲ್ಲೆಲ್ಲ ಇದೆ. ಕಾರಣ ನಿಮಗೆ ತಿಳಿದದ್ದೇ. 1957ರಲ್ಲಿ ಅಲ್ಲಿನ ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತುಬಿದ್ದವು. ಸುತ್ತಲ ಹಳ್ಳಿಗಳ ಜನ ತೀವ್ರ ಜ್ವರದಿಂದ ನರಳಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದ ತಜ್ಞರು ಬಂದು ಪರೀಕ್ಷಿಸಿ, ಇದು ಅದುವರೆಗೆ ಯಾರೂ ಕಂಡಿರದ ಹೊಸ ವೈರಸ್ ಎಂದು ಗುರುತಿಸಿದರು. ಕಾಡಿನ ಹೆಸರನ್ನೇ ರೋಗಕ್ಕೆ ಇಟ್ಟರು. ಹೀಗೆ ನಮ್ಮ ಮಲೆನಾಡಿನ ಅಂಚಿನ ಒಂದು ಊರಿನ ಹೆಸರು ಹತ್ತಾರು ಭಾಷೆಗಳಿಗೆ ಪ್ರವೇಶ ಪಡೆಯಿತು.

ಆ ಹೆಸರು ಒಂದೊಂದು ಭಾಷೆಯಲ್ಲಿ ಹೇಗೆ ಕುಳಿತಿದೆ ನೋಡಿ. ಫ್ರೆಂಚರು 'ಮಲಾದಿ ದ ಲಾ ಫೋರೆ ದ ಕ್ಯಾಸನೂರ್' ಎನ್ನುತ್ತಾರೆ. ಅಲ್ಲಿ 'ಮಲಾದಿ' ಎಂದರೆ ಕಾಯಿಲೆ, 'ಫೋರೆ' ಎಂದರೆ ಕಾಡು. ನಾವು 'ಕ್ಯಾಸನೂರಿನ ಕಾಡಿನ ಕಾಯಿಲೆ' ಎನ್ನುವುದರ ಸರಿಯಾದ ತಿರುವುಮುರುವು ಅದು. ಜರ್ಮನರು ಊರು, ಕಾಡು, ಜ್ವರ ಮೂರನ್ನೂ ಸಮಾಸದಂತೆ ಪೋಣಿಸಿ 'ಕ್ಯಾಸನೂರ್-ವಾಲ್ಡ್-ಫೀಬರ್' ಎನ್ನುತ್ತಾರೆ. ರಷ್ಯನ್ನರು ಊರಿನ ಹೆಸರನ್ನೇ ವಿಶೇಷಣವಾಗಿ ಮಾಡಿ 'ಕ್ಯಾಸನೂರ್‌ಸ್ಕಾಯಾ' ಎನ್ನುತ್ತಾರೆ. ಕೊನೆಯ 'ಆಯಾ' ಎಲ್ಲಿಂದ ಬಂತು? ರಷ್ಯನ್ ಭಾಷೆಯಲ್ಲಿ ಕಾಯಿಲೆ ಎಂಬ ಶಬ್ದ ಸ್ತ್ರೀಲಿಂಗ. ಆದ್ದರಿಂದ ಕ್ಯಾಸನೂರೂ ಸ್ತ್ರೀಲಿಂಗದ ಪ್ರತ್ಯಯ ತೊಡಬೇಕಾಯಿತು! ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ. ಕಾಯಿಲೆ, ಕಲ್ಲು, ಮರ ಎಲ್ಲವೂ ನಪುಂಸಕವೇ. ಬೇರೆ ಭಾಷೆಗಳಲ್ಲಿ ಹಾಗಿಲ್ಲವೆಂದು ತಿಳಿದಾಗಲೇ ನಮ್ಮ ವ್ಯಾಕರಣದ ಸೊಗಸು ನಮಗೆ ಕಾಣುತ್ತದೆ. ಭಾಷಾ ವಿಭಾಗದ ಮೊದಲ ವರ್ಷದ ತರಗತಿಯಲ್ಲಿ ನಡೆಯುವ ಪಾಠ ಇಂಥದ್ದು.

ಆದರೆ ಭಾಷಾ ಅಧ್ಯಯನ ವ್ಯಾಕರಣದಲ್ಲೇ ಮುಗಿಯುವುದಿಲ್ಲ. 1957ರ ಆ ದಿನಗಳನ್ನು ಇನ್ನೊಮ್ಮೆ ನೆನೆಯೋಣ. ಮಂಗಗಳು ಸತ್ತ ಸುದ್ದಿ ಕೇಳಿ ತಜ್ಞರಿಗೆ ಮೊದಲು ಬಂದ ಗುಮಾನಿ ಹಳದಿ ಜ್ವರದ್ದು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಬಂದಾಗ ಮಂಗಗಳು ಸಾಯುವುದನ್ನು ಅವರು ಓದಿದ್ದರು. ಆದರೆ ಪ್ರಯೋಗಾಲಯದಲ್ಲಿ ನೋಡಿದಾಗ ಈ ವೈರಸ್ಸಿನ ಬಳಗ ಸಿಕ್ಕಿದ್ದು ರಷ್ಯದಲ್ಲಿ. 1937ರಲ್ಲಿ ಲೆವ್ ಜಿಲ್ಬರ್ ಎಂಬ ವಿಜ್ಞಾನಿಯ ತಂಡ ಸೋವಿಯತ್ ದೇಶದ ದೂರ ಪೂರ್ವದ ಕಾಡುಗಳಲ್ಲಿ ಒಂದು ಮಿದುಳುಜ್ವರದ ವೈರಸ್ಸನ್ನು ಪತ್ತೆಹಚ್ಚಿತ್ತು. ಸೈಬೀರಿಯದ ಓಮ್ಸ್ಕ್ ಪ್ರಾಂತದಲ್ಲಿ ಇನ್ನೊಂದು ರಕ್ತಸ್ರಾವದ ಜ್ವರ ಕಂಡುಬಂದಿತ್ತು. ಇವೆರಡೂ ಉಣುಗಿನಿಂದ ಹರಡುವಂಥವು. ಇವುಗಳ ಮೇಲಿನ ಮೂಲ ಸಂಶೋಧನೆ ನಡೆದದ್ದು ರಷ್ಯನ್ ಭಾಷೆಯಲ್ಲಿ. ಹಾಗಾದರೆ ಸೊರಬದ ರೈತನ ಜ್ವರವನ್ನು ಅರ್ಥ ಮಾಡಿಕೊಳ್ಳಲು ಯಾರೋ ಒಬ್ಬರು ರಷ್ಯನ್ ಓದಿ ತಿಳಿಸಬೇಕಿತ್ತು ಎಂದಾಯಿತಲ್ಲವೇ?

ಆ ರಷ್ಯದ ಮಿದುಳುಜ್ವರದ ವಿರುದ್ಧ ತಯಾರಾಗಿದ್ದ ಲಸಿಕೆಯನ್ನು ಶಿವಮೊಗ್ಗ ಜಿಲ್ಲೆಯ ಜನರಿಗೆ ಹಾಕಿ ನೋಡಿದರು. ಅದು ಫಲ ಕೊಡಲಿಲ್ಲ. ಬಂಧುಗಳಾದ ಮಾತ್ರಕ್ಕೆ ಎರಡೂ ಒಂದೇ ಆಗುವುದಿಲ್ಲ. ಇದು ಭಾಷೆಗೂ ಸಲ್ಲುವ ಮಾತು. ಮಲಯಾಳಿಗಳು 'ಪನಿ' ಎಂದರೆ ಜ್ವರ ಎಂದರ್ಥ. ತಮಿಳರು ಅದೇ ಶಬ್ದವನ್ನು ಮುಖ್ಯವಾಗಿ ಮಂಜು, ಇಬ್ಬನಿಗೆ ಬಳಸುತ್ತಾರೆ. ನಮ್ಮಲ್ಲಿ ಅದು 'ಹನಿ'ಯಾಗಿ, 'ಇಬ್ಬನಿ'ಯ ಒಳಗೂ ಅಡಗಿ ಕೂತಿದೆ. ಬೇರು ಒಂದು, ಅರ್ಥ ಬೇರೆ. ನೆಂಟಭಾಷೆ ಎಂದು ಊಹೆಯ ಮೇಲೆ ಅರ್ಥ ಮಾಡಲು ಹೊರಟವನು ದಾರಿ ತಪ್ಪುತ್ತಾನೆ.

ಅರವತ್ತರ ದಶಕದಲ್ಲಿ ಈ ರೋಗದ ಅಧ್ಯಯನಕ್ಕೆ ಬಂದವರಲ್ಲಿ ಹೋರ್ಹೆ ಬೋಶೆಲ್ ಎಂಬವರೊಬ್ಬರು. ಅವರು ದಕ್ಷಿಣ ಅಮೆರಿಕದ ಕೊಲಂಬಿಯ ದೇಶದವರು, ಅಲ್ಲಿನ ಭಾಷೆ ಸ್ಪ್ಯಾನಿಷ್. ಟೆಲ್‌ಫೋರ್ಡ್ ವರ್ಕ್ ಮತ್ತು ಹೆರಾಲ್ಡ್ ಟ್ರಾಪಿಡೋ ಅಮೆರಿಕದವರು. ಪುಣೆಯ ಕೇಂದ್ರವಿದ್ದದ್ದು ಮರಾಠಿ ನಾಡಿನಲ್ಲಿ. ಇಷ್ಟೆಲ್ಲ ವಿದ್ವಾಂಸರು ಸೇರಿದರೂ, ಮಂಗ ಎಲ್ಲಿ ಸತ್ತಿದೆ, ಯಾವ ಹಾದಿಯಲ್ಲಿ ಯಾರು ಓಡಾಡಿದ್ದರು ಎಂಬುದನ್ನು ಬಲ್ಲವನು ಕ್ಯಾಸನೂರಿನ ಕಡೆಯ ಹಳ್ಳಿಗ. ಅವನ ಮಾತು ಕನ್ನಡದಿಂದ ಇಂಗ್ಲಿಷಿಗೆ ದಾಟದಿದ್ದರೆ ಆ ಶೋಧನೆ ಮುಂದೆ ಸಾಗುವಂತಿರಲಿಲ್ಲ.

ಈಗ ಇನ್ನೊಂದು ಸೂಕ್ಷ್ಮವನ್ನು ಗಮನಿಸಿ. ನಾವು ಈ ರೋಗಕ್ಕೆ 'ಮಂಗನ ಕಾಯಿಲೆ' ಎಂದು ಹೆಸರಿಟ್ಟೆವು. ರೋಗ ವರ್ಷಗಳು ಕಳೆದಂತೆ ಕರ್ನಾಟಕದ ಗಡಿ ದಾಟಿ ಕೇರಳ, ಗೋವ, ಮಹಾರಾಷ್ಟ್ರಗಳಿಗೂ ಹೋಯಿತು. ಮಲಯಾಳದಲ್ಲಿ ಅದು 'ಕುರಂಗುಪನಿ' ಆಯಿತು, ಮರಾಠಿಯಲ್ಲಿ 'ಮಾಕಡತಾಪ' ಆಯಿತು. ಎಲ್ಲದರ ಅರ್ಥವೂ ಮಂಗನ ಜ್ವರವೇ. ಆದರೆ ಮನುಷ್ಯನಿಗೆ ರೋಗ ಹತ್ತಿಸುವುದು ಮುಖ್ಯವಾಗಿ ಉಣುಗಿನ ಕಡಿತ. ಮಂಗವೂ ನಮ್ಮಂತೆಯೇ ರೋಗಕ್ಕೆ ಬಲಿಯಾಗುವ ಪ್ರಾಣಿ. ಯಾವ ಭಾಷೆಯ ಹೆಸರಿನಲ್ಲೂ ಉಣುಗಿನ ಸುಳಿವೇ ಇಲ್ಲ! ಹೆಸರನ್ನು ನಂಬಿದವನು ಮಂಗನಿಗೆ ಹೆದರಿ, ದರಕು ತರಲು ಹೋಗುವಾಗ ಕಾಲಿಗೆ ಹತ್ತುವ ಉಣುಗನ್ನು ಮರೆಯುತ್ತಾನೆ. ಒಂದು ಹೆಸರಿನಿಂದ ಎಷ್ಟು ಅಪಾಯ!

ಇದನ್ನು ತಿದ್ದುವವರು ಯಾರು? ವೈದ್ಯರು ಕಾರಣ ಹೇಳಬಲ್ಲರು. ಆದರೆ ಯಾವ ಶಬ್ದದಲ್ಲಿ ಹೇಳಿದರೆ ಜನ ಕೇಳಿಸಿಕೊಳ್ಳುತ್ತಾರೆ ಎಂಬುದು ಭಾಷೆ ಮತ್ತು ಸಂಸ್ಕೃತಿ ಬಲ್ಲವರ ಕೆಲಸ. ಕರಪತ್ರದಲ್ಲಿ 'ಉಣ್ಣೆ' ಎಂದು ಅಚ್ಚು ಮಾಡಿದರೆ ಕುರಿಯ ತುಪ್ಪಟವೂ ಆಗಬಹುದು, ರಕ್ತ ಹೀರುವ ಹುಳುವೂ ಆಗಬಹುದು. ಮಲೆನಾಡಿನಲ್ಲಿ 'ಉಣುಗು' ಎಂದರೆ ಗೊಂದಲವಿಲ್ಲ. 'ಮಂಕಿ' ಎಂಬ ಒಂದೇ ಇಂಗ್ಲಿಷ್ ಶಬ್ದ ನಮ್ಮ ಕಾಡಿನಂಚಿನವರಿಗೆ ಸಾಲದು. ಅವರಿಗೆ ಮಂಗ ಬೇರೆ, ಮುಸುವ ಬೇರೆ. ಈ ರೋಗ ಎರಡನ್ನೂ ಕೊಲ್ಲುತ್ತದೆ. "ಕಾಡಿಗೆ ಹೋಗಬೇಡಿ" ಎಂದು ಬರೆಯುವುದು ಸುಲಭ. ಕೊಟ್ಟಿಗೆಗೆ ಸೊಪ್ಪು, ತೋಟಕ್ಕೆ ಗೊಬ್ಬರ, ಒಲೆಗೆ ಸೌದೆ ಎಲ್ಲ ಕಾಡಿನಿಂದಲೇ ಬರಬೇಕಾದ ಮನೆಯ ಜೀವನಕ್ರಮ ತಿಳಿದವರು ಹಾಗೆ ಬರೆಯುವುದಿಲ್ಲ. ಯಾವ ತಿಂಗಳುಗಳಲ್ಲಿ ಎಚ್ಚರ ಬೇಕು, ಮೈಗೆ ಏನು ಹಚ್ಚಿಕೊಳ್ಳಬೇಕು, ಬಂದ ಮೇಲೆ ಬಟ್ಟೆಯನ್ನು ಏನು ಮಾಡಬೇಕು ಎಂದು ಬರೆಯುತ್ತಾರೆ. ಭಾಷೆಯ ಜತೆಗೆ ಸಂಸ್ಕೃತಿ ಎಂಬ ಶಬ್ದವನ್ನು ವಿಶ್ವವಿದ್ಯಾಲಯಗಳು ಸೇರಿಸುವುದು ಈ ಕಾರಣಕ್ಕೆ.

ಇಂಥ ಓದು ನಮ್ಮ ನೆಲಕ್ಕೆ ಹೊಸದೇನಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನವನ್ನು ನೀವು ಕೇಳಿರುತ್ತೀರಿ. ಮಯೂರಶರ್ಮ ತನ್ನ ಗುರು ವೀರಶರ್ಮರ ಜತೆ ಕಂಚಿಯ ಘಟಿಕೆಗೆ ಹೆಚ್ಚಿನ ಓದಿಗಾಗಿ ಹೋದ ಸಂಗತಿಯನ್ನು ಅದು ಹೇಳುತ್ತದೆ. ಕದಂಬ ರಾಜ್ಯದ ಕಥೆ ಆರಂಭವಾಗುವುದೇ ಬೇರೆ ನಾಡಿಗೆ ಓದಲು ಹೋದ ಒಬ್ಬ ವಿದ್ಯಾರ್ಥಿಯಿಂದ. ಅದೇ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯ ಮಠವನ್ನು 1162ರ ಶಾಸನವೊಂದು ವಿವರವಾಗಿ ಬಣ್ಣಿಸುತ್ತದೆ. ಅಲ್ಲಿ ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳಿಗೆ ವ್ಯಾಖ್ಯಾನ ನಡೆಯುತ್ತಿತ್ತು. ದರ್ಶನ, ಪುರಾಣ, ಕಾವ್ಯ, ನಾಟಕಗಳ ಅಭ್ಯಾಸವಿತ್ತು. ಶಾಕಟಾಯನ ಜೈನ ವೈಯಾಕರಣ, ಮಠವಾದರೋ ಕಾಳಾಮುಖ ಶೈವರದು. ತಮ್ಮದಲ್ಲದ ಪರಂಪರೆಯ ಗ್ರಂಥವನ್ನೂ ಅವರು ಶ್ರದ್ಧೆಯಿಂದ ಓದಿದರು. ಅದೇ ಮಠದಲ್ಲಿ ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿತ್ತು ಎಂದು ಶಾಸನ ಹೇಳುತ್ತದೆ. ವ್ಯಾಕರಣದ ಓದೂ ರೋಗಿಯ ಆರೈಕೆಯೂ ಒಂದೇ ಸೂರಿನಡಿ ಇದ್ದವು ಎಂಬುದನ್ನು, ಮಂಗನ ಕಾಯಿಲೆಯ ನಾಡಿನವರಾದ ನಾವು ಮರೆಯಬಾರದು.

ಹೊರಗಿನವರು ನಮ್ಮ ಭಾಷೆಯನ್ನು ಓದಿದ್ದರಿಂದ ನಮಗಾದ ಲಾಭವನ್ನೂ ನೆನೆಯಬೇಕು. ಜರ್ಮನಿಯ ಫರ್ಡಿನೆಂಡ್ ಕಿಟೆಲ್ 1853ರಲ್ಲಿ ಭಾರತಕ್ಕೆ ಬಂದರು. ನಾಲ್ಕು ದಶಕಗಳ ನಂತರ, 1894ರಲ್ಲಿ, ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಇಂದಿಗೂ ಕನ್ನಡದ ಗಂಭೀರ ಓದುಗರಿಗೆ ಅದು ಬೇಕೇ ಬೇಕು.

ನಮ್ಮವರು ಹೊರಗೆ ಹೋಗಿ ಮಾಡಿದ್ದಕ್ಕೂ ಉದಾಹರಣೆಯಿದೆ. ಎ.ಕೆ. ರಾಮಾನುಜನ್ 1929ರಲ್ಲಿ ಮೈಸೂರಿನಲ್ಲಿ ಹುಟ್ಟಿದರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಓದಿನಲ್ಲಿ ಇಂಗ್ಲಿಷ್. ಮೈಸೂರು ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯ, ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನ, ಆಮೇಲೆ ಅಮೆರಿಕದ ಇಂಡಿಯಾನ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ - ಇದು ಅವರ ಓದಿನ ದಾರಿ. ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದಾಗ, 1973ರಲ್ಲಿ, ಅವರು ನಾಲ್ವರು ವಚನಕಾರರನ್ನು ಇಂಗ್ಲಿಷಿಗೆ ತಂದ 'ಸ್ಪೀಕಿಂಗ್ ಆಫ್ ಶಿವ' ಪ್ರಕಟವಾಯಿತು. ಆ ನಾಲ್ವರಲ್ಲಿ ಅಕ್ಕಮಹಾದೇವಿ ಉಡುತಡಿಯವಳು, ಅಲ್ಲಮಪ್ರಭು ಬಳ್ಳಿಗಾವೆಯವನು. ಇಬ್ಬರೂ ಶಿಕಾರಿಪುರ ತಾಲ್ಲೂಕಿನವರು! ಇಂಗ್ಲಿಷ್ ಬಲ್ಲ ಜಗತ್ತು ಈ ನೆಲದ ಕಾಯಿಲೆಯ ಹೆಸರನ್ನು ವಿಜ್ಞಾನಿಗಳಿಂದ ಕೇಳಿತು, ಈ ನೆಲದ ಕವಿತೆಯನ್ನು ಒಬ್ಬ ಭಾಷಾ ವಿದ್ಯಾರ್ಥಿಯಿಂದ ಕೇಳಿತು.

ಇತ್ತೀಚಿನ ಸಂಗತಿ ಬೇಕೆಂದರೆ, 2025ರಲ್ಲಿ ಬಾನು ಮುಷ್ತಾಕ್ ಅವರ ಕನ್ನಡ ಕಥೆಗಳ ಅನುವಾದ 'ಹಾರ್ಟ್ ಲ್ಯಾಂಪ್' ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಅನುವಾದಕಿ ದೀಪಾ ಭಾಸ್ತಿ ಅವರಿಗೂ ಲೇಖಕಿಗೂ ಪ್ರಶಸ್ತಿಯಲ್ಲಿ ಸಮಪಾಲು. ಅನುವಾದಕರ ಹೆಸರನ್ನು ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕುತ್ತಿದ್ದ ಕಾಲ ಹಿಂದಾಗುತ್ತಿದೆ.

ಇನ್ನು, ಎಲ್ಲಿ ಓದುವುದು? ಶಿವಮೊಗ್ಗ ಜಿಲ್ಲೆಯ ಶಂಕರಘಟ್ಟದಲ್ಲಿ 1987ರಲ್ಲಿ ಆರಂಭವಾದ ಕುವೆಂಪು ವಿಶ್ವವಿದ್ಯಾಲಯವಿದೆ. ಅಲ್ಲಿ ಕನ್ನಡ ಭಾರತಿ, ಇಂಗ್ಲಿಷ್ ಮೊದಲಾದ ವಿಭಾಗಗಳಿವೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಭಾಷಾಂತರ ಅಧ್ಯಯನಕ್ಕೇ ಒಂದು ವಿಭಾಗವಿದೆ. ಮೈಸೂರಿನಲ್ಲಿ 1969ರಲ್ಲಿ ಸ್ಥಾಪನೆಯಾದ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥಾನ ಭಾರತೀಯ ಭಾಷೆಗಳ ಬೋಧನೆ, ಸಂಶೋಧನೆಗಳಿಗೆ ಹೆಸರಾಗಿದೆ. ವಿದೇಶಿ ಭಾಷೆಗಳನ್ನೇ ಪದವಿಯ ವಿಷಯವಾಗಿ ಓದಬೇಕೆಂದರೆ ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ ಮತ್ತು ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ ಮುಖ್ಯವಾದವು. ಫ್ರೆಂಚ್, ಜರ್ಮನ್, ರಷ್ಯನ್, ಸ್ಪ್ಯಾನಿಷ್, ಜಪಾನಿ, ಅರಬ್ಬಿ ಮುಂತಾದವನ್ನು ಅಲ್ಲಿ ಓದಬಹುದು. ಇವು ಕೇಂದ್ರೀಯ ವಿಶ್ವವಿದ್ಯಾಲಯಗಳು, ಪ್ರವೇಶ ಪರೀಕ್ಷೆಯ ಮೂಲಕ ಸೀಟು. ಪರೀಕ್ಷೆಯ ಕ್ರಮ ಆಗಾಗ ಬದಲಾಗುವುದರಿಂದ ಆಯಾ ವರ್ಷದ ಪ್ರಕಟಣೆಯನ್ನೇ ನೋಡಿಕೊಳ್ಳಬೇಕು. ದೆಹಲಿಯ ಆ ವಿಶ್ವವಿದ್ಯಾಲಯದಲ್ಲಿ 2015ರಲ್ಲಿ ಕನ್ನಡ ಪೀಠವೂ ಆರಂಭವಾಯಿತು.

ಹಳ್ಳಿಯ ಮಕ್ಕಳಿಗೆ ಒಂದು ಧೈರ್ಯದ ಮಾತು. ಇಂಥ ಪದವಿ ತರಗತಿಗಳಲ್ಲಿ ಸಾಮಾನ್ಯವಾಗಿ ಅಕ್ಷರಮಾಲೆಯಿಂದಲೇ ಆರಂಭ. ಬೆಂಗಳೂರಿನ ಹುಡುಗಿಗೂ ಆನವಟ್ಟಿಯ ಹುಡುಗನಿಗೂ ರಷ್ಯನ್ ಲಿಪಿ ಅಂದೇ ಹೊಸದು. ವಿವರಣೆ ಇಂಗ್ಲಿಷಿನಲ್ಲಿ ನಡೆಯುವುದುಂಟು, ಆದ್ದರಿಂದ ಇಂಗ್ಲಿಷನ್ನು ಓದಿ ಅರ್ಥ ಮಾಡಿಕೊಳ್ಳುವಷ್ಟು ಗಟ್ಟಿ ಮಾಡಿಕೊಂಡು ಹೋಗಬೇಕು. ಆದರೆ ನಮ್ಮ ಕಡೆಯ ಮಕ್ಕಳಿಗೆ ಒಂದು ಸಂಪತ್ತಿದೆ. ಮನೆಯಲ್ಲಿ ಹವ್ಯಕ ಕನ್ನಡ, ಕೊಂಕಣಿ, ಉರ್ದು ಅಥವಾ ತಾಂಡಾದಲ್ಲಿ ಲಂಬಾಣಿ, ಶಾಲೆಯಲ್ಲಿ ಪುಸ್ತಕದ ಕನ್ನಡ, ಸಂತೆಯಲ್ಲಿ ಇನ್ನೊಂದು ಬಗೆ - ಹೀಗೆ ಎರಡು ಮೂರು ನುಡಿಗಳ ನಡುವೆ ಓಡಾಡಿ ಬೆಳೆದವರು ಅವರು. ಮನೆಮಾತನ್ನು ನಾಚಿಕೆಯ ವಿಷಯವೆಂದು ತಿಳಿದ ಮಗುವಿಗೆ, ಅದು ಬಂಡವಾಳ ಎಂದು ಹೇಳಿಕೊಡುವ ಹೊಣೆ ಮೇಷ್ಟ್ರುಗಳದ್ದು.

ಈಗ ಉದ್ಯೋಗದ ಮಾತು. ಉಪಾಧ್ಯಾಯ ವೃತ್ತಿ, ಅನುವಾದ, ದುಭಾಷಿ ಕೆಲಸ, ಪ್ರವಾಸೋದ್ಯಮ, ವಿದೇಶಿ ಕಂಪನಿಗಳ ಪತ್ರವ್ಯವಹಾರ, ಪ್ರಕಾಶನ, ರಾಯಭಾರ ಕಚೇರಿಗಳು - ಅವಕಾಶಗಳು ಇವೆ. ಆದರೆ ಪದವಿ ಪತ್ರವೊಂದನ್ನೇ ನಂಬಿ ಕೂತರೆ ಕೆಲಸ ಬಾಗಿಲಿಗೆ ಬರುವುದಿಲ್ಲ. ಐರೋಪ್ಯ ಭಾಷೆಗಳಲ್ಲಿ ಎ-1ರಿಂದ ಸಿ-2ರವರೆಗೆ ಆರು ಮೆಟ್ಟಿಲುಗಳಿವೆ. ಜಪಾನಿ ಭಾಷೆಗೆ ಎನ್-5ರಿಂದ ಎನ್-1ರವರೆಗೆ ಐದು. ಮೊದಲ ಎರಡು ಮೆಟ್ಟಿಲು ಹತ್ತಿ ನಿಂತವನಿಗೆ ನಮಸ್ಕಾರ ಹೇಳಲು, ದಾರಿ ಕೇಳಲು ಬರುತ್ತದೆಯೇ ಹೊರತು ಸಂಬಳದ ಕೆಲಸ ಮಾಡಲು ಬರುವುದಿಲ್ಲ. ಮೇಲಿನ ಮೆಟ್ಟಿಲಿಗೆ ವರ್ಷಗಟ್ಟಲೆ ದಿನನಿತ್ಯದ ಅಭ್ಯಾಸ ಬೇಕು. ಜತೆಗೆ ಇನ್ನೊಂದು ವಿಷಯದ ತಿಳಿವಳಿಕೆ - ಕೃಷಿ, ವೈದ್ಯಕೀಯ, ಕಾನೂನು, ಲೆಕ್ಕಪತ್ರ, ಯಾವುದಾದರೂ - ಇದ್ದರೆ ಭಾಷೆಗೆ ಬೆಲೆ ಹೆಚ್ಚು.

"ಈಗ ಫೋನೇ ಅನುವಾದ ಮಾಡುತ್ತದಲ್ಲ?" ಎಂದು ನೀವು ಕೇಳಬಹುದು. ನಿಜ. ಗೂಗಲ್ ಅನುವಾದಕ್ಕೆ 2011ರಲ್ಲಿ ಕನ್ನಡ ಸೇರಿತು, ಆಮೇಲೆ ಈ ಯಂತ್ರಗಳು ಬಹಳ ಸುಧಾರಿಸಿವೆ. ಸಾಧಾರಣ ಪತ್ರ, ವಸ್ತುಗಳ ವಿವರಣೆ ಇಂಥವನ್ನು ಅನುವಾದಿಸುವ ಕೆಲಸ ಮನುಷ್ಯರ ಕೈಯಿಂದ ಜಾರುತ್ತಿದೆ. ಇದನ್ನು ಮುಚ್ಚಿಟ್ಟು ಮಕ್ಕಳನ್ನು ಈ ಓದಿಗೆ ಕಳಿಸಬಾರದು. ಆದರೆ ಯಂತ್ರ ಕೊಟ್ಟ ಅನುವಾದದಲ್ಲಿ 'ಉಣ್ಣೆ' ಎಲ್ಲಿ ಹುಳುವಾಗಬೇಕಿತ್ತು, ಎಲ್ಲಿ ತುಪ್ಪಟವಾಗಬೇಕಿತ್ತು ಎಂದು ನೋಡಿ ಸಹಿ ಹಾಕುವವರು ಯಾರು? ತಪ್ಪು ತಪ್ಪೆಂದು ಗೊತ್ತಾಗಬೇಕಾದರೆ ಎರಡೂ ಭಾಷೆ ಬಲ್ಲವರೇ ಬೇಕು. ಔಷಧದ ಚೀಟಿ, ನ್ಯಾಯಾಲಯದ ಹೇಳಿಕೆ, ರೋಗಿಯ ಗೋಳು, ಕವಿತೆ - ಇವುಗಳ ಹೊಣೆಯನ್ನು ಮನುಷ್ಯರೇ ಹೊರಬೇಕು. ಮೇಲಿನ ಮೆಟ್ಟಿಲು ಹತ್ತಿದವರಿಗೆ ಮಾತ್ರ ಆ ಹೊಣೆ ಹೊರುವ ಶಕ್ತಿ ಬರುತ್ತದೆ.

ಹಾಗಾದರೆ ನಿಮ್ಮ ಮಗಳು ಭಾಷೆ ಓದುತ್ತೇನೆ ಎಂದಾಗ ಏನು ಮಾಡುವುದು? ಕೂಡಲೇ ಬೇಡವೆನ್ನಬೇಡಿ, ಕೂಡಲೇ ಹೂಂ ಎನ್ನಲೂ ಬೇಡಿ. ಮೂರು ವಿಷಯ ಕೇಳಿ. ಕನ್ನಡದಲ್ಲಿ ಒಂದು ಪುಟ ತಪ್ಪಿಲ್ಲದೆ, ಚೆನ್ನಾಗಿ ಬರೆಯಲು ಬರುತ್ತದೆಯೇ? ಸ್ವಂತ ಭಾಷೆ ಸಡಿಲವಾಗಿದ್ದವರಿಗೆ ಇನ್ನೊಂದು ಭಾಷೆ ಗಟ್ಟಿಯಾಗಿ ನಿಲ್ಲುವುದು ಕಷ್ಟ. ಆರು ತಿಂಗಳು ದಿನಕ್ಕೊಂದು ಗಂಟೆ ಬಿಡದೆ ಕೂರುವ ತಾಳ್ಮೆ ಇದೆಯೇ? ಫೋನಿನ ಉಚಿತ ಪಾಠಗಳಿಂದಲೇ ಮೊದಲು ಪರೀಕ್ಷಿಸಿ ನೋಡಬಹುದು. ಆ ಭಾಷೆಯಿಂದ ಯಾರಿಗೆ ಏನು ತಂದುಕೊಡಬೇಕೆಂಬ ಆಸೆ ಇದೆ? ಮೂರಕ್ಕೂ ಉತ್ತರ ಸಿಕ್ಕಿದರೆ ಧೈರ್ಯವಾಗಿ ಕಳುಹಿಸಿ. ಹೆಣ್ಣುಮಗಳು ದೂರದ ಊರಿಗೆ ಹೇಗೆ ಹೋದಾಳು ಎಂಬ ಚಿಂತೆಗೆ, ವಿಶ್ವವಿದ್ಯಾಲಯದ ಹಾಸ್ಟೆಲನ್ನು ಒಮ್ಮೆ ನೀವೇ ಹೋಗಿ ನೋಡಿ ಬರುವುದೇ ಮದ್ದು.

ಕ್ಯಾಸನೂರಿನ ಕಡೆ ಬೇಸಿಗೆಗೆ ಮುನ್ನ ಇಂದಿಗೂ ಆರೋಗ್ಯ ಇಲಾಖೆಯವರು ಮಂಗ ಸತ್ತರೆ ತಿಳಿಸಿ ಎಂದು ಊರೂರು ಸುತ್ತುತ್ತಾರೆ. ಆ ಎಚ್ಚರಿಕೆಯನ್ನು ಜನರ ಮಾತಿನಲ್ಲಿ ಬರೆಯುವವರು, ಹೊರದೇಶದ ಸಂಶೋಧನೆಯನ್ನು ಓದಿ ಕನ್ನಡಕ್ಕೆ ತರುವವರು, ಇಲ್ಲಿನ ಅನುಭವವನ್ನು ಬೇರೆ ಭಾಷೆಗಳಿಗೆ ತಲುಪಿಸುವವರು ಇದೇ ಊರುಗಳ ಮನೆಗಳಿಂದ ಬರಲಿ. ಕಂಚಿಯ ದಾರಿ ಹಿಡಿದವನ ನಾಡಿನ ಮಕ್ಕಳಿಗೆ ದೆಹಲಿಯಾಗಲಿ ಹೈದರಾಬಾದಾಗಲಿ ದೂರವಲ್ಲ.